ಹಬ್ಬದ ದಿನದ ಅಹವಾಲು: ಫಿಲಡೆಲ್ಫಿಯಾ ನಗರದಲ್ಲಿ ಸ್ವಾತಂತ್ರ್ಯಾಚರಣೆ ಮತ್ತು ವರ್ಣಸಮಾನತೆ



ದೇಶ ಸ್ವತಂತ್ರವಾದ ದಿನವನ್ನು ಆಚರಿಸುವುದು ಸುಲಭ. ಆ ಸ್ವಾತಂತ್ರ್ಯ ಯಾರ ಹೊಸ್ತಿಲವರೆಗೆ ಬಂತು, ಯಾರ ಕೇರಿಯ ಆಚೆಗೇ ನಿಂತುಬಿಟ್ಟಿತು ಎಂದು ಅದೇ ದಿನ ಕೇಳುವುದು ಕಷ್ಟ. ಕೇಳಿದವರಿಗೆ ಹಬ್ಬ ಕೆಡಿಸಿದರೆಂಬ ಅಪವಾದ ತಪ್ಪಿದ್ದಲ್ಲ. ಈ ದತ್ತಿ ಉಪನ್ಯಾಸಕ್ಕೆ ನಾನು ಒಂದೇ ಒಂದು ನಗರವನ್ನು ಆರಿಸಿಕೊಂಡಿದ್ದೇನೆ: ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ. 1776ರ ಸ್ವಾತಂತ್ರ್ಯ ಘೋಷಣೆಯೂ 1787ರ ಸಂವಿಧಾನವೂ ರೂಪುಗೊಂಡದ್ದು ಅಲ್ಲಿನ ಒಂದೇ ಕಟ್ಟಡದಲ್ಲಿ. ಇಂದು ಅದನ್ನು ಇಂಡಿಪೆಂಡೆನ್ಸ್ ಹಾಲ್ ಎನ್ನುತ್ತಾರೆ. ಆ ಕಟ್ಟಡದ ಸುತ್ತಲಿನ ಬೀದಿಗಳಲ್ಲಿ ಬದುಕಿದ ಕಪ್ಪು ಜನ ಇನ್ನೂರು ವರ್ಷಗಳಿಗೂ ಮೀರಿ ತಮ್ಮದೇ ಆದ ಸ್ವಾತಂತ್ರ್ಯದ ಹಬ್ಬಗಳನ್ನು ಮಾಡುತ್ತ ಬಂದರು. ಆ ಹಬ್ಬಗಳೆಲ್ಲ ಒಂದು ಬಗೆಯ ಅಹವಾಲುಗಳಾಗಿದ್ದವು ಎಂಬುದು ನನ್ನ ವಾದ. ಅಹವಾಲು ಸಲ್ಲಿಸಿದ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದಲ್ಲ. ನ್ಯಾಯ ಸಿಕ್ಕಾಗ ಸಿಕ್ಕಿದ್ದು ಕಾನೂನಿನಿಂದ, ಬಹಿಷ್ಕಾರದಿಂದ, ಒಮ್ಮೆ ಸೈನ್ಯದ ಬಲದಿಂದ. ಆದರೂ ಅಹವಾಲೇ ಇಲ್ಲದಿದ್ದರೆ ಉಳಿದವಕ್ಕೆ ಕಾಲೂರಲು ನೆಲ ಇರುತ್ತಿರಲಿಲ್ಲ.

ಫಿಲಡೆಲ್ಫಿಯಾಕ್ಕೆ ತನ್ನ ಬಗ್ಗೆ ಒಂದು ಹೆಮ್ಮೆಯಿತ್ತು. ಅದು ಪೂರಾ ಸುಳ್ಳೂ ಅಲ್ಲ. ಕ್ವೇಕರ್ ಪಂಥದವರು ನೆಲೆಗೊಳಿಸಿದ ಊರದು. ಗುಲಾಮಗಿರಿಯ ವಿರುದ್ಧ ಅಮೆರಿಕದಲ್ಲಿ ಮೊದಲ ಸಂಘ ಹುಟ್ಟಿದ್ದು 1775ರಲ್ಲಿ ಅಲ್ಲಿಯೇ. 1780ರ ಮಾರ್ಚ್ 1ರಂದು ಪೆನ್ಸಿಲ್ವೇನಿಯಾದ ಶಾಸನಸಭೆ ಗುಲಾಮಗಿರಿಯನ್ನು ಹಂತಹಂತವಾಗಿ ತೊಡೆಯುವ ಕಾಯಿದೆ ಮಾಡಿತು. ಹಂತಹಂತವೆಂಬ ಮಾತಿನ ಒಳಗೆ ಏನಿತ್ತೆಂದು ಗಮನಿಸಬೇಕು. ಆಗಾಗಲೇ ಗುಲಾಮರಾಗಿದ್ದವರು ಗುಲಾಮರಾಗಿಯೇ ಉಳಿದರು. ಮುಂದೆ ಹುಟ್ಟುವ ಅವರ ಮಕ್ಕಳು 28 ವರ್ಷ ದುಡಿದ ಮೇಲೆ ಬಿಡುಗಡೆ ಪಡೆಯಬೇಕು. ಇನ್ನೊಂದು ಅಂಶವೂ ಅದರಲ್ಲಿತ್ತು: ಹೊರರಾಜ್ಯದವರು ಕರೆತಂದ ಗುಲಾಮರು ಆರು ತಿಂಗಳು ಅಲ್ಲಿ ನೆಲೆಸಿದರೆ ಬಿಡುಗಡೆಗೆ ಅರ್ಹರು. ಫಿಲಡೆಲ್ಫಿಯಾ ರಾಜಧಾನಿಯಾಗಿದ್ದ 1790ರ ದಶಕದಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತಮ್ಮ ಮನೆಯ ಒಂಬತ್ತು ಗುಲಾಮರನ್ನು ಆ ಅವಧಿ ಮುಗಿಯುವ ಮುಂಚೆ ಗುಟ್ಟಾಗಿ ರಾಜ್ಯದ ಗಡಿ ದಾಟಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಅವರಲ್ಲಿ ಓನಾ ಜಡ್ಜ್ ಎಂಬ ಯುವತಿ 1796ರಲ್ಲಿ ಆ ಮನೆಯಿಂದಲೇ ತಪ್ಪಿಸಿಕೊಂಡು ಹೋದಳು. ಮತ್ತೆ ಅವರ ಕೈಗೆ ಸಿಗಲಿಲ್ಲ. ಆ ಮನೆಯಿದ್ದ ಜಾಗ ಇಂದು ಲಿಬರ್ಟಿ ಬೆಲ್ ಎಂಬ ಪ್ರಸಿದ್ಧ ಗಂಟೆಯನ್ನು ಇರಿಸಿರುವ ಭವನದ ಬಾಗಿಲಲ್ಲೇ ಇದೆ. ಅಲ್ಲಿ ಆ ಒಂಬತ್ತು ಜನರ ಹೆಸರು ಹೊತ್ತ ಸ್ಮಾರಕ ತೆರೆದದ್ದು 2010ರ ಡಿಸೆಂಬರಿನಲ್ಲಿ.

ಹಬ್ಬದ ಮಾತಿಗೆ ಬರೋಣ. ಜುಲೈ 4 ಅಲ್ಲಿನ ಸ್ವಾತಂತ್ರ್ಯ ದಿನ. ಇಂಡಿಪೆಂಡೆನ್ಸ್ ಹಾಲ್ ಮುಂದಿನ ಚೌಕದಲ್ಲಿ ಕಪ್ಪು ಜನರೂ ಬಿಳಿಯರೂ ಕೂಡಿ ಅದನ್ನು ಆಚರಿಸುತ್ತಿದ್ದ ಕಾಲವೊಂದಿತ್ತು. 1805ರ ಜುಲೈ 4ರಂದು ಬಿಳಿಯರ ಗುಂಪು ಬೈದು, ಬಡಿದು ಕಪ್ಪು ಜನರನ್ನು ಆ ಚೌಕದಿಂದ ಓಡಿಸಿತು. ಎಂಟು ವರ್ಷಗಳ ನಂತರ, 1813ರಲ್ಲಿ, ಜೇಮ್ಸ್ ಫೋರ್ಟನ್ ಎಂಬವರು ಹೆಸರು ಹಾಕದೆ ಪ್ರಕಟಿಸಿದ ಪತ್ರಗಳಲ್ಲಿ ಇದರ ಬಗ್ಗೆ ಬರೆದರು: ದೇಶಕ್ಕೆಲ್ಲ ಸಂತೋಷದ ದಿನವಾದ ಅಂದು ಮಧ್ಯಾಹ್ನದ ಮೇಲೆ ಕಪ್ಪು ಮನುಷ್ಯ ಬೀದಿಯಲ್ಲಿ ಕಾಣಿಸಿಕೊಂಡರೆ ಪೆಟ್ಟು ತಿನ್ನಬೇಕಾಗಿತ್ತು. ಫೋರ್ಟನ್ ಯಾರು? ಸ್ವಾತಂತ್ರ್ಯ ಯುದ್ಧದಲ್ಲಿ ಹುಡುಗನಾಗಿದ್ದಾಗಲೇ ಹಡಗೇರಿ ಹೋರಾಡಿ ಬ್ರಿಟಿಷರ ಸೆರೆಯಾಳಾಗಿದ್ದವರು. ಆಮೇಲೆ ಹಾಯಿ ಹೊಲಿಯುವ ಕಾರ್ಖಾನೆ ನಡೆಸಿ ಸಿರಿವಂತರಾದವರು. ಸ್ವಾತಂತ್ರ್ಯಕ್ಕಾಗಿ ಸೆರೆ ಕಂಡವರು ಸ್ವಾತಂತ್ರ್ಯ ದಿನದಂದು ಮನೆಯೊಳಗೆ ಕೂರಬೇಕಾಯಿತು.

ಚೌಕ ಕೈತಪ್ಪಿದಾಗ ಕಪ್ಪು ಸಮುದಾಯ ಮಾಡಿದ ಕೆಲಸ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಅವರು ತಮ್ಮದೇ ಪಂಚಾಂಗ ಬರೆದುಕೊಂಡರು. ಆಫ್ರಿಕದಿಂದ ಗುಲಾಮರನ್ನು ತರುವ ವ್ಯಾಪಾರವನ್ನು ಅಮೆರಿಕ ನಿಷೇಧಿಸಿದ್ದು 1808ರ ಜನವರಿ 1ರಂದು. ಅದೇ ದಿನ ಫಿಲಡೆಲ್ಫಿಯಾದ ಸೇಂಟ್ ಥಾಮಸ್ ಆಫ್ರಿಕನ್ ಚರ್ಚಿನಲ್ಲಿ ಆಬ್ಸಲಮ್ ಜೋನ್ಸ್ ಉಪದೇಶ ಮಾಡುತ್ತ, ಪ್ರತಿ ಜನವರಿ 1ನ್ನು ಕೃತಜ್ಞತೆಯ ದಿನವಾಗಿ ಆಚರಿಸಬೇಕೆಂದು ಸೂಚಿಸಿದರು. ಜೋನ್ಸ್ ತಾವೇ ಗುಲಾಮರಾಗಿ ಹುಟ್ಟಿ ಮುಂದೆ ಬಿಡುಗಡೆ ಪಡೆದವರು. ಮುಂದೆ ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮಗಿರಿ ಕೊನೆಗೊಂಡ 1834ರ ಆಗಸ್ಟ್ 1 ಇನ್ನೊಂದು ಹಬ್ಬವಾಯಿತು. ಪರದೇಶದಲ್ಲಿ, ಅದೂ ತಾವು ಯುದ್ಧ ಮಾಡಿ ಹೊರಹಾಕಿದ ಬ್ರಿಟಿಷರ ನೆಲದಲ್ಲಿ ಬಂದ ಬಿಡುಗಡೆಯನ್ನು ಅಮೆರಿಕದ ಕಪ್ಪು ಜನ ಆಚರಿಸುತ್ತಿದ್ದರೆಂದರೆ, ಅದು ಸ್ವದೇಶಕ್ಕೆ ತಟ್ಟಬೇಕಾದ ಮಾತೇ ಆಗಿತ್ತು.

ತಟ್ಟಿತು, ಆದರೆ ಬೇರೆ ರೀತಿಯಲ್ಲಿ. 1838 ಆ ನಗರದ ಕಪ್ಪು ಚರಿತ್ರೆಯಲ್ಲಿ ಕರಾಳ ವರ್ಷ. ರಾಜ್ಯದ ಹೊಸ ಸಂವಿಧಾನ ಮತದಾನದ ಹಕ್ಕನ್ನು ಬಿಳಿಯ ಗಂಡಸರಿಗೆ ಮಾತ್ರ ಎಂದು ಬರೆಯಿತು. ಅಲ್ಲಿಯವರೆಗೆ ಕಾಗದದ ಮೇಲಾದರೂ ಇದ್ದ ಹಕ್ಕು ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಗುಲಾಮಗಿರಿ ವಿರೋಧಿಗಳು ಮುಕ್ತ ಚರ್ಚೆಗೆಂದು ಕಟ್ಟಿಸಿದ ಪೆನ್ಸಿಲ್ವೇನಿಯಾ ಹಾಲ್ ತೆರೆದು ನಾಲ್ಕು ದಿನವಾಗುವಷ್ಟರಲ್ಲಿ ದೊಂಬಿಯ ಬೆಂಕಿಗೆ ಆಹುತಿಯಾಯಿತು. ಅಗ್ನಿಶಾಮಕ ದಳದವರು ಅಕ್ಕಪಕ್ಕದ ಕಟ್ಟಡಗಳಿಗೆ ನೀರು ಹಾಯಿಸಿದರು, ಹಾಲ್ ಉರಿಯಲು ಬಿಟ್ಟರು. 1842ರ ಆಗಸ್ಟ್ 1ರಂದು ವೆಸ್ಟ್ ಇಂಡೀಸ್ ಬಿಡುಗಡೆಯ ನೆನಪಿಗೆ ಹೊರಟ ಕಪ್ಪು ಯುವಕರ ಮೆರವಣಿಗೆಯ ಮೇಲೆ ಲಾಂಬರ್ಡ್ ಸ್ಟ್ರೀಟ್ ಭಾಗದಲ್ಲಿ ಹಲ್ಲೆಯಾಯಿತು. ಒಂದು ಚರ್ಚು, ಒಂದು ಸಭಾಭವನ ಸುಟ್ಟವು. ಹಲ್ಲೆ ಮಾಡಿದವರಲ್ಲಿ ಬಹಳ ಮಂದಿ ಐರಿಷ್ ವಲಸಿಗ ಕೂಲಿಕಾರರು, ತಾವೇ ಹಸಿವಿನಲ್ಲಿದ್ದವರು. ಬಡವರ ಸಿಟ್ಟು ಇನ್ನೂ ಬಡವರ ಮೇಲೆ ತಿರುಗಿದ್ದಕ್ಕೆ ಕಾರಣ ಹುಡುಕುವವರು ಆ ಕಾಲದ ಕೂಲಿ ಮಾರುಕಟ್ಟೆಯನ್ನೂ ನೋಡಬೇಕು. ಆದರೆ ಅದು ಕಾರಣವಾದೀತು, ಸಮರ್ಥನೆಯಾಗದು.

ಇದೇ ದಶಕಗಳಲ್ಲಿ ಇನ್ನೊಂದು ಘಟನೆ ಸದ್ದಿಲ್ಲದೆ ನಡೆಯಿತು. ಶಾಸನಸಭೆಯ ಕಟ್ಟಡಕ್ಕಾಗಿ 1751ರಲ್ಲಿ ಬೇಡಿಕೆಯಿಟ್ಟು ತರಿಸಿದ ಗಂಟೆಯೊಂದಿತ್ತು. ಅದರ ಮೇಲೆ ದೇಶದ ಸಮಸ್ತ ನಿವಾಸಿಗಳಿಗೂ ಬಿಡುಗಡೆಯನ್ನು ಸಾರಬೇಕೆಂಬ ಅರ್ಥದ ಬೈಬಲ್ ವಾಕ್ಯ ಕೆತ್ತಲಾಗಿತ್ತು. ಜನರ ಬಾಯಲ್ಲಿ ಅದು ರಾಜ್ಯಭವನದ ಗಂಟೆ, ಅಷ್ಟೇ. 1830ರ ದಶಕದಲ್ಲಿ ಗುಲಾಮಗಿರಿ ವಿರೋಧಿಗಳು ಆ ವಾಕ್ಯವನ್ನು ಎತ್ತಿಹಿಡಿದು, ತಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಲಿಬರ್ಟಿ ಬೆಲ್ ಎಂದು ಹೆಸರಿಟ್ಟರು. ಇಂದು ದೇಶಪ್ರೇಮದ ಸರ್ವಮಾನ್ಯ ಚಿಹ್ನೆಯಾಗಿ ನಾಣ್ಯಗಳ ಮೇಲೂ ಅಂಚೆಚೀಟಿಗಳ ಮೇಲೂ ಕಾಣುವ ಆ ಗಂಟೆಯ ಕೀರ್ತಿ, ದೇಶದ್ರೋಹಿಗಳೆಂದು ಕಲ್ಲೇಟು ತಿಂದವರು ಗಳಿಸಿಕೊಟ್ಟದ್ದು.

ಚೌಕದಿಂದ ಟ್ರಾಮಿಗೆ ಬರುತ್ತೇನೆ. ಸಮಾನತೆಯ ಪ್ರಶ್ನೆ ನಗರದಲ್ಲಿ ಮೈದಾಳುವುದು ಇಂಥ ಜಾಗಗಳಲ್ಲೇ. 1858ರ ಸುಮಾರಿಗೆ ಫಿಲಡೆಲ್ಫಿಯಾದಲ್ಲಿ ಕುದುರೆ ಎಳೆಯುವ ಟ್ರಾಮುಗಳು ಓಡತೊಡಗಿದವು. ಕಪ್ಪು ಜನರಿಗೆ ಒಳಗೆ ಪ್ರವೇಶವಿಲ್ಲ. ಕೆಲವು ಮಾರ್ಗಗಳಲ್ಲಿ ಮಳೆಗಾಳಿಗೆ ತೆರೆದ ಮುಂದಿನ ಕಟ್ಟೆಯ ಮೇಲೆ ನಿಲ್ಲಬಹುದು. ಅಂತರ್ಯುದ್ಧದ ಕಾಲದಲ್ಲಿ ನಗರದ ಹೊರವಲಯದ ಕ್ಯಾಂಪ್ ವಿಲಿಯಂ ಪೆನ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಪ್ಪು ಸೈನಿಕರು ತರಬೇತಿ ಪಡೆದರು. ಅವರನ್ನು ನೋಡಲು ಹೊರಟ ತಾಯಂದಿರು, ಹೆಂಡಂದಿರು ಟ್ರಾಮ್ ಹತ್ತುವಂತಿರಲಿಲ್ಲ. ಒತ್ತಾಯ ಹೆಚ್ಚಿದಾಗ 1865ರಲ್ಲಿ ಕಂಪನಿಗಳು ಬಿಳಿಯ ಪ್ರಯಾಣಿಕರ ಮತ ಕೇಳಿದವು. ಬೇಡವೆಂದವರೇ ಬಹಳ. ಹಕ್ಕನ್ನು ನೆರೆಯವನ ಇಷ್ಟಾನಿಷ್ಟದ ಮತಕ್ಕೆ ಹಾಕಿದರೆ ಬರುವ ಫಲಿತಾಂಶ ಯಾವ ದೇಶದಲ್ಲೂ ಅಷ್ಟೇ ಇರುತ್ತದೆಂದು ಕಾಣುತ್ತದೆ.

ಶಿಕ್ಷಕ ಆಕ್ಟೇವಿಯಸ್ ಕ್ಯಾಟೊ, ಪರಾರಿಯಾದ ಗುಲಾಮರಿಗೆ ನೆರವಾಗುತ್ತಿದ್ದ ವಿಲಿಯಂ ಸ್ಟಿಲ್ ಮೊದಲಾದವರು ನಗರವನ್ನು ಬಿಟ್ಟು ರಾಜ್ಯದ ಶಾಸನಸಭೆಯನ್ನು ಹಿಡಿದರು. 1867ರ ಮಾರ್ಚ್ 22ರಂದು ಟ್ರಾಮುಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾಯಿದೆ ಬಂತು. ಮೂರೇ ದಿನಗಳಲ್ಲಿ ಕ್ಯಾರೊಲಿನ್ ಲಕೌಂಟ್ ಎಂಬ ಶಿಕ್ಷಕಿ ಟ್ರಾಮ್ ನಿಲ್ಲಿಸಲು ಕೈ ತೋರಿದರು, ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ದೂರು ಕೊಟ್ಟರೆ ನ್ಯಾಯಾಧಿಕಾರಿ, ಅಂಥ ಕಾಯಿದೆ ತನಗೆ ಅಧಿಕೃತವಾಗಿ ತಲುಪಿಲ್ಲವೆಂದರು. ಆಕೆ ಹೋಗಿ ಕಾಯಿದೆಯ ದೃಢೀಕೃತ ಪ್ರತಿಯನ್ನು ತಂದು ಮುಂದಿಟ್ಟರು. ಕಂಡಕ್ಟರನಿಗೆ 100 ಡಾಲರ್ ದಂಡವಾಯಿತು. ಕಾಯಿದೆ ಮಾಡಿಸುವುದು ಒಂದು ಕೆಲಸ. ಅದರ ಪ್ರತಿಯನ್ನು ಕೈಯಲ್ಲಿ ಹಿಡಿದು ಕಚೇರಿ ಅಲೆಯುವುದು ಇನ್ನೊಂದು. ನಮ್ಮ ತಾಲ್ಲೂಕು ಕಚೇರಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1870ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿ ಮತದಾನದ ಹಕ್ಕನ್ನು ಮರಳಿ ಕೊಟ್ಟಿತು. ಆ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ದೊಡ್ಡ ಉತ್ಸವ ನಡೆಯಿತು, ಕ್ಯಾಟೊ ಅಲ್ಲಿ ಮಾತಾಡಿದರು. ಮುಂದಿನ ವರ್ಷ, 1871ರ ಅಕ್ಟೋಬರ್ 10ರ ಚುನಾವಣೆಯ ದಿನ, ಮತಗಟ್ಟೆಗಳ ಸುತ್ತ ಕಪ್ಪು ಮತದಾರರ ಮೇಲೆ ಹಲ್ಲೆಗಳಾದವು. ಅಂದು ಕ್ಯಾಟೊ ತಮ್ಮ ಮನೆಯ ಹತ್ತಿರ ಗುಂಡೇಟಿಗೆ ಬಲಿಯಾದರು. ವಯಸ್ಸು 32. ಆರೋಪಿ ಬಹುಕಾಲದ ಮೇಲೆ ಸಿಕ್ಕಿಬಿದ್ದರೂ ಖುಲಾಸೆಯಾದ. ಸಿಟಿ ಹಾಲ್ ಅಂಗಳದಲ್ಲಿ ಕ್ಯಾಟೊ ಪ್ರತಿಮೆ ನಿಂತದ್ದು 2017ರಲ್ಲಿ. ನಗರದ ಸಾರ್ವಜನಿಕ ನೆಲದಲ್ಲಿ ಒಬ್ಬ ನಿರ್ದಿಷ್ಟ ಕಪ್ಪು ವ್ಯಕ್ತಿಗೆ ಸಂದ ಮೊದಲ ಸ್ಮಾರಕ ಅದು. 1876ರ ಸ್ವಾತಂತ್ರ್ಯ ಶತಮಾನೋತ್ಸವದ ಬಗ್ಗೆ ಒಂದೇ ಮಾತು ಸಾಕು: ಫೇರ್‌ಮೌಂಟ್ ಪಾರ್ಕಿನಲ್ಲಿ ನಡೆದ ಉದ್ಘಾಟನೆಗೆ ವೇದಿಕೆಯ ಆಹ್ವಾನವಿದ್ದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್‌ರನ್ನೇ ಪೊಲೀಸರು ತಡೆದಿದ್ದರು, ಒಳಗೆ ಬಿಟ್ಟ ಮೇಲೂ ಆ ಮಹಾ ಭಾಷಣಕಾರರಿಗೆ ಮಾತಾಡಲು ಅವಕಾಶ ಕೊಡಲಿಲ್ಲ.

ಉತ್ಸವಗಳ ಈ ಸಾಲಿನ ನಡುವೆ ಒಂದು ಪುಸ್ತಕದ ಹತ್ತಿರ ಸ್ವಲ್ಪ ನಿಲ್ಲಬೇಕು. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ಡಬ್ಲ್ಯು. ಇ. ಬಿ. ಡ್ಯುಬಾಯ್ಸ್ ಎಂಬ ತರುಣ ವಿದ್ವಾಂಸರನ್ನು ನಗರದ ಏಳನೆಯ ವಾರ್ಡಿನ ಕಪ್ಪು ಜನರ ಅಧ್ಯಯನಕ್ಕೆ ಕರೆಯಿತು. ಹಾರ್ವರ್ಡಿನ ಡಾಕ್ಟರೇಟ್ ಇದ್ದವರಿಗೆ ಪಾಠ ಮಾಡುವ ಅವಕಾಶವಿಲ್ಲ, ಅಧ್ಯಾಪಕರ ಪಟ್ಟಿಯಲ್ಲಿ ಹೆಸರಿಲ್ಲ. ನಗರದ ಕೆಡುಕಿಗೆಲ್ಲ ಕಪ್ಪು ಜನರೇ ಮೂಲವೆಂದು ಅಧ್ಯಯನ ಹೇಳೀತೆಂಬ ನಿರೀಕ್ಷೆ ಕೆಲವರಿಗಿತ್ತೆಂದು ಅವರೇ ಮುಂದೆ ನೆನೆದಿದ್ದಾರೆ. ಡ್ಯುಬಾಯ್ಸ್ ಹೆಂಡತಿಯೊಡನೆ ಆ ವಾರ್ಡಿನಲ್ಲೇ ಮನೆ ಮಾಡಿ, ಬಾಗಿಲಿಂದ ಬಾಗಿಲಿಗೆ ನಡೆದು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಬದುಕನ್ನು ದಾಖಲಿಸಿದರು: ಯಾರು ಎಲ್ಲಿಂದ ಬಂದರು, ಏನು ಕೆಲಸ, ಎಷ್ಟು ಕೂಲಿ, ಎಷ್ಟು ಬಾಡಿಗೆ, ಎಷ್ಟು ಕೋಣೆ, ಎಷ್ಟು ಸಾವು. 1899ರಲ್ಲಿ ಪುಸ್ತಕ ಬಂತು. ಕುಶಲಕರ್ಮಿ ಕಪ್ಪಗಿದ್ದರೆ ಕಾರ್ಖಾನೆಯ ಬಾಗಿಲು ಮುಚ್ಚುತ್ತದೆ, ಕಾರ್ಮಿಕ ಸಂಘದ ಬಾಗಿಲೂ ಮುಚ್ಚುತ್ತದೆ. ಓದಿದವನು ಹೋಟೆಲಿನಲ್ಲಿ ತಟ್ಟೆ ಹೊರುತ್ತಾನೆ. ಕೆಟ್ಟ ಮನೆಗೆ ಹೆಚ್ಚು ಬಾಡಿಗೆ ತೆರುತ್ತಾನೆ. ಇವನ್ನೆಲ್ಲ ಆಕ್ರೋಶವಿಲ್ಲದೆ, ಕೋಷ್ಟಕಗಳಲ್ಲಿ, ಎದುರಾಡಲಾಗದಂತೆ ಅವರು ತೋರಿಸಿದರು. ಆ ನಗರದ ಸಮಾನತೆಯ ಹೋರಾಟಕ್ಕೆ ಯಾವ ಉತ್ಸವವೂ ಕೊಡದಷ್ಟು ಬಲವನ್ನು ಈ ಪುಸ್ತಕ ಕೊಟ್ಟಿತೆಂದು ನಾನು ತಿಳಿಯುತ್ತೇನೆ.

ಇನ್ನು ಈ ಉಪನ್ಯಾಸದ ಮುಖ್ಯ ವ್ಯಕ್ತಿಯ ಮಾತು. ರಿಚರ್ಡ್ ರಾಬರ್ಟ್ ರೈಟ್ 1850ರ ದಶಕದಲ್ಲಿ ಜಾರ್ಜಿಯಾದಲ್ಲಿ ಗುಲಾಮರಾಗಿ ಹುಟ್ಟಿದರು. ಬಿಡುಗಡೆಯ ನಂತರ ಅಟ್ಲಾಂಟಾದ ಶಾಲೆಯಲ್ಲಿ ಓದುತ್ತಿದ್ದಾಗ ಭೇಟಿಗೆ ಬಂದ ಜನರಲ್ ಹೊವರ್ಡ್, ಉತ್ತರದ ಮಕ್ಕಳಿಗೆ ನಿಮ್ಮ ಬಗ್ಗೆ ಏನು ಹೇಳಲಿ ಎಂದು ಕೇಳಿದರಂತೆ. ನಾವು ಮೇಲೇಳುತ್ತಿದ್ದೇವೆಂದು ಹೇಳಿ ಎಂದ ಹುಡುಗ ಇವರೇ; ಕವಿ ವಿಟಿಯರ್ ಅದರ ಮೇಲೆ ಪದ್ಯವನ್ನೇ ಬರೆದರು. ರೈಟ್ ಅಟ್ಲಾಂಟಾ ವಿಶ್ವವಿದ್ಯಾನಿಲಯದ ಮೊದಲ ಪದವೀಧರರ ತಂಡದಲ್ಲಿದ್ದರು, ಸವಾನಾ ನಗರದ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ 1891ರಿಂದ 1921ರವರೆಗೆ ಮೊದಲ ಅಧ್ಯಕ್ಷರಾಗಿದ್ದರು, 1898ರ ಸ್ಪೇನ್ ಯುದ್ಧದಲ್ಲಿ ಸೈನ್ಯದ ವೇತನಾಧಿಕಾರಿಯಾಗಿ ಮೇಜರ್ ಪದವಿ ಪಡೆದರು. ಅರವತ್ತು ದಾಟಿದ ಮೇಲೆ ಫಿಲಡೆಲ್ಫಿಯಾಕ್ಕೆ ಬಂದು ಸೌತ್ ಸ್ಟ್ರೀಟ್‌ನಲ್ಲಿ ಮಕ್ಕಳೊಡನೆ ಬ್ಯಾಂಕ್ ತೆರೆದರು. ದಕ್ಷಿಣದ ರಾಜ್ಯಗಳಿಂದ ರೈಲು ಹತ್ತಿ ಬರುತ್ತಿದ್ದ ಕಪ್ಪು ಜನರ ಮಹಾವಲಸೆಯ ಕಾಲವದು. 1910ರಲ್ಲಿ ನಗರದಲ್ಲಿ ಎಂಬತ್ತನಾಲ್ಕು ಸಾವಿರದಷ್ಟಿದ್ದ ಕಪ್ಪು ಜನಸಂಖ್ಯೆ 1940ಕ್ಕೆ ಎರಡೂವರೆ ಲಕ್ಷವಾಯಿತು. ಅವರ ಉಳಿತಾಯ ಇಡಲು, ಮನೆಸಾಲ ಕೊಡಲು ಆ ಬ್ಯಾಂಕ್ ಇತ್ತು. 1930ರ ದಶಕದ ಮಹಾಕುಸಿತದಲ್ಲಿ ದೇಶದ ಸಾವಿರಾರು ಬ್ಯಾಂಕುಗಳು ಮುಚ್ಚಿದಾಗಲೂ ಅದು ಉಳಿಯಿತು. ರೈಟ್ ಭಾವುಕರಲ್ಲ, ಲೆಕ್ಕ ಬಲ್ಲವರು, ಇದನ್ನು ನೆನಪಿಡಬೇಕು.

ಈ ಲೆಕ್ಕಿಗ ಮುಪ್ಪಿನಲ್ಲಿ ಕೈಗೆತ್ತಿಕೊಂಡದ್ದು ಒಂದು ಹಬ್ಬದ ಕೆಲಸ. ಗುಲಾಮಗಿರಿಯನ್ನು ರದ್ದುಮಾಡುವ ಹದಿಮೂರನೆಯ ತಿದ್ದುಪಡಿಯ ನಿರ್ಣಯವನ್ನು ಪ್ರತಿನಿಧಿ ಸಭೆ 1865ರ ಜನವರಿ 31ರಂದು 119–56 ಮತಗಳಿಂದ ಒಪ್ಪಿತು. ಮರುದಿನ, ಫೆಬ್ರುವರಿ 1ರಂದು, ಅಬ್ರಹಾಂ ಲಿಂಕನ್ ಅದಕ್ಕೆ ಸಹಿ ಹಾಕಿದರು. ಆ ದಿನವನ್ನು ರಾಷ್ಟ್ರೀಯ ಸ್ವಾತಂತ್ರ್ಯ ದಿನವಾಗಿ ಇಡೀ ದೇಶ ಆಚರಿಸಬೇಕೆಂದು ರೈಟ್ ಸಂಘ ಕಟ್ಟಿದರು. 1942ರ ಫೆಬ್ರುವರಿ 1ರಂದು ಇಂಡಿಪೆಂಡೆನ್ಸ್ ಹಾಲಿನಲ್ಲಿ ಲಿಬರ್ಟಿ ಬೆಲ್ ಬಳಿ ಹೂಮಾಲೆಯಿಟ್ಟು ಮೊದಲ ಆಚರಣೆ ನಡೆಯಿತು.

ಈ ದಿನಾಂಕದ ಆಯ್ಕೆಯಲ್ಲಿ ಒಂದು ವಿಚಿತ್ರವಿದೆ. ಕಾನೂನಿನ ಕಣ್ಣಲ್ಲಿ ಲಿಂಕನ್ ಸಹಿಗೆ ಬೆಲೆಯಿರಲಿಲ್ಲ. ಸಂವಿಧಾನದ ತಿದ್ದುಪಡಿಗೆ ಅಧ್ಯಕ್ಷರ ಒಪ್ಪಿಗೆ ಬೇಕಿಲ್ಲ. ಆ ಸಹಿ ಅನಗತ್ಯವೆಂದು ಸೆನೆಟ್ ಅದೇ ತಿಂಗಳು ನಿರ್ಣಯವನ್ನೂ ಮಾಡಿತು. ತಿದ್ದುಪಡಿ ಜಾರಿಗೆ ಬಂದದ್ದು ಸಾಕಷ್ಟು ರಾಜ್ಯಗಳು ಒಪ್ಪಿದ ಡಿಸೆಂಬರ್ 6ರಂದು, ಲಿಂಕನ್ ಹತ್ಯೆಯಾಗಿ ಎಷ್ಟೋ ತಿಂಗಳ ಮೇಲೆ. ಹಾಗಾದರೆ ಕಾನೂನುಬಲವಿಲ್ಲದ ಸಹಿಯೊಂದರ ನೆನಪಿಗೆ ಹಬ್ಬವೇಕೆ? ನನ್ನ ತಿಳಿವಳಿಕೆ ಇಷ್ಟು: ಆ ಸಹಿ ರಾಷ್ಟ್ರದ ಮುಖ್ಯಸ್ಥ ರಾಷ್ಟ್ರದ ಪರವಾಗಿ ಕೊಟ್ಟ ಮಾತು. ಸಾಲಪತ್ರಕ್ಕೆ ಸಾಕ್ಷಿಯ ರುಜುವಿನಂತೆ ಅದನ್ನು ಈ ಬ್ಯಾಂಕಿಗ ಕಂಡಿರಬೇಕು. ಹಬ್ಬದ ಹೆಸರಿನಲ್ಲೂ ಅದೇ ಜಾಣತನವಿದೆ. ಅದರಲ್ಲಿ ವರ್ಣದ ಸುಳಿವಿಲ್ಲ, ಗುಲಾಮಗಿರಿಯ ಉಲ್ಲೇಖವಿಲ್ಲ. ಅಂದು ಬಿಡುಗಡೆ ಪಡೆದದ್ದು ನಾಲ್ಕು ದಶಲಕ್ಷ ಗುಲಾಮರಷ್ಟೇ ಅಲ್ಲ, ಗುಲಾಮಗಿರಿಯ ಕಳಂಕ ಹೊತ್ತ ದೇಶವೂ ಹೌದು. ಆದ್ದರಿಂದ ಕೃತಜ್ಞತೆಯ ಹೊರೆ ಕಪ್ಪು ಜನರ ಮೇಲೆ ಮಾತ್ರ ಬೀಳಬಾರದು ಎಂಬ ನಿಲುವು ಅದರಲ್ಲಿದೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಅದೇ ತಿದ್ದುಪಡಿಯಲ್ಲಿ ಅಪರಾಧಕ್ಕೆ ಶಿಕ್ಷೆಯಾಗಿ ಒತ್ತಾಯದ ದುಡಿಮೆಯನ್ನು ಉಳಿಸಿಕೊಂಡ ಒಂದು ವಿನಾಯಿತಿಯಿದೆ. ರೈಟ್ ಹುಟ್ಟಿದ ಜಾರ್ಜಿಯಾದಲ್ಲೇ ಆ ಕಿಂಡಿಯಿಂದ ಕೈದಿಗಳನ್ನು ಗಣಿಗಳಿಗೆ, ಇಟ್ಟಿಗೆ ಗೂಡುಗಳಿಗೆ ಗುತ್ತಿಗೆ ಕೊಡುವ ಪದ್ಧತಿ ಬೆಳೆಯಿತು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಇಂಥ ದಾಖಲೆಗೆ ಹಬ್ಬ ಮಾಡುವುದು ಅರ್ಧ ಸತ್ಯವನ್ನು ಪೂಜಿಸಿದಂತೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಕಾಲವನ್ನೂ ಗಮನಿಸಿ. 1942ರ ಜನವರಿ 31ರಂದು, ಅಂದರೆ ಹೂಮಾಲೆಯ ಹಿಂದಿನ ದಿನ, ಅದೇ ರಾಜ್ಯದ ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂತು: ಹೊರಗಿನ ವೈರಿಯ ಮೇಲೊಂದು, ಒಳಗಿನ ವರ್ಣಭೇದದ ಮೇಲೊಂದು, ಹೀಗೆ ಎರಡು ವಿಜಯ ಬೇಕೆಂದು. ಅದೇ ಡಬಲ್ ವಿ ಚಳವಳಿಯ ಆರಂಭ. ಒಂದೇ ವಾರದಲ್ಲಿ, ಒಂದೇ ರಾಜ್ಯದಲ್ಲಿ ಎರಡು ಸ್ವರ. ಒಂದು ವಿನಯದ್ದು, ಒಂದು ಷರತ್ತಿನದು.

ಈ ಎರಡರಲ್ಲಿ ಯಾವುದಕ್ಕೆ ಬೆಲೆ ಎಂದು ನಗರವೇ ಬೇಗ ಪರೀಕ್ಷೆಗೆ ಒಡ್ಡಿಕೊಂಡಿತು. ಫಿಲಡೆಲ್ಫಿಯಾದ ಟ್ರಾಮ್, ಬಸ್ಸುಗಳನ್ನು ಓಡಿಸುತ್ತಿದ್ದ ಕಂಪನಿಯಲ್ಲಿ ಕಪ್ಪು ನೌಕರರಿದ್ದರು, ಹಳಿ ದುರಸ್ತಿಗೆ, ಗುಡಿಸಿ ತೊಳೆಯುವುದಕ್ಕೆ. ಚಾಲಕರಾಗಿ, ಕಂಡಕ್ಟರಾಗಿ ಒಬ್ಬರೂ ಇಲ್ಲ. ಯುದ್ಧಕಾಲದಲ್ಲಿ ಕೇಂದ್ರ ಸರ್ಕಾರದ ನ್ಯಾಯೋಚಿತ ಉದ್ಯೋಗ ಸಮಿತಿ ಈ ಭೇದ ನಿಲ್ಲಿಸಲು ಆದೇಶಿಸಿತು. ಎಂಟು ಮಂದಿ ಕಪ್ಪು ನೌಕರರು ಚಾಲಕ ತರಬೇತಿಗೆ ಸೇರಿದರು. 1944ರ ಆಗಸ್ಟ್ 1ರ ಬೆಳಗಿನ ಜಾವ, ಅವರ ಚಾಲನೆ ಶುರುವಾಗುವ ಹೊತ್ತಿಗೆ, ಸಾವಿರಾರು ಬಿಳಿಯ ನೌಕರರು ಕೆಲಸ ನಿಲ್ಲಿಸಿದರು. ಹಡಗು, ಶಸ್ತ್ರಾಸ್ತ್ರ ತಯಾರಿಸುವ ನಗರ ಸ್ತಬ್ಧವಾಯಿತು. ಯುರೋಪಿನಲ್ಲಿ ನಾಜಿಗಳ ವಿರುದ್ಧ ಕಾದಾಡುತ್ತಿದ್ದ ಸೈನ್ಯಕ್ಕೆ ಬೇಕಾದ ಸಾಮಗ್ರಿ ಎಂಟು ಜನರ ಮೈಬಣ್ಣದ ಕಾರಣಕ್ಕೆ ನಿಂತಿತು. ಆ ದಿನಗಳಲ್ಲಿ ಒಬ್ಬ ಕಪ್ಪು ಮನುಷ್ಯ ಇಂಡಿಪೆಂಡೆನ್ಸ್ ಹಾಲಿಗೆ ಹೋಗಿ ಲಿಬರ್ಟಿ ಬೆಲ್‌ಗೆ ಪೇಪರ್‌ವೇಟನ್ನು ಬೀಸಿ ಎಸೆದು, ಸ್ವಾತಂತ್ರ್ಯವೆಂಬುದೆಲ್ಲ ಬೊಗಳೆ ಎಂದು ಕೂಗಿದನೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಎರಡೂವರೆ ವರ್ಷಗಳ ಅಂತರದಲ್ಲಿ ಅದೇ ಗಂಟೆಗೆ ಒಂದು ಹೂಮಾಲೆ, ಒಂದು ಏಟು. ಇಬ್ಬರೂ ಗಂಟೆಯ ಮೇಲಿನ ವಾಕ್ಯವನ್ನು ಮನಸ್ಸಿಗೆ ಹಚ್ಚಿಕೊಂಡವರೇ. ಅಸಡ್ಡೆಯಿದ್ದವನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಅಧ್ಯಕ್ಷ ರೂಸ್‌ವೆಲ್ಟ್ ಸೈನ್ಯ ಕಳಿಸಿದರು. ಐದು ಸಾವಿರ ಸೈನಿಕರು ಬಂದಿಳಿದರು, ಮುಷ್ಕರದ ಮುಖಂಡರು ಬಂಧಿತರಾದರು. ಕೆಲಸಕ್ಕೆ ಬಾರದವರು ಕೆಲಸವನ್ನೂ ಸೈನ್ಯಸೇವೆಯಿಂದ ಸಿಕ್ಕಿದ್ದ ವಿನಾಯಿತಿಯನ್ನೂ ಕಳೆದುಕೊಳ್ಳುವರೆಂಬ ಎಚ್ಚರಿಕೆ ಬಂತು. ಒಂದು ವಾರದೊಳಗೆ ಟ್ರಾಮುಗಳು ಓಡಿದವು; ಸ್ವಲ್ಪ ದಿನಗಳಲ್ಲೇ ಕಪ್ಪು ಚಾಲಕರು ಗಲಾಟೆಯಿಲ್ಲದೆ ಓಡಿಸತೊಡಗಿದರು. 1867ರಲ್ಲಿ ಕೂರುವ ಹಕ್ಕು, 1944ರಲ್ಲಿ ಓಡಿಸುವ ಹಕ್ಕು. ನಡುವೆ 77 ವರ್ಷ. ಮನಸ್ಸುಗಳು ಬದಲಾದ ಮೇಲೆ ಸಮಾನತೆ ತಾನಾಗಿ ಬರುತ್ತದೆಂದು ನಂಬುವವರು ಈ ವಾರವನ್ನು ಮತ್ತೆ ಮತ್ತೆ ಓದಬೇಕು. ಇಲ್ಲಿ ಮೊದಲು ಬಂದದ್ದು ಆದೇಶ, ಬಂದೂಕು. ಮನಸ್ಸುಗಳು ಹಿಂದಿನಿಂದ ಬಂದವು, ಎಲ್ಲವೂ ಬರಲಿಲ್ಲ.

ರೈಟ್ 1947ರ ಜುಲೈಯಲ್ಲಿ ತೀರಿಕೊಂಡರು. 1948ರ ಜೂನ್ 30ರಂದು ಅಧ್ಯಕ್ಷ ಟ್ರೂಮನ್ ಫೆಬ್ರುವರಿ 1ನ್ನು ರಾಷ್ಟ್ರೀಯ ಸ್ವಾತಂತ್ರ್ಯ ದಿನವೆಂದು ಸಾರುವ ಮಸೂದೆಗೆ ಸಹಿ ಹಾಕಿದರು. ಅದೇ 1948ರಲ್ಲಿ ಫಿಲಡೆಲ್ಫಿಯಾ ನಗರಸಭೆ ಉದ್ಯೋಗದಲ್ಲಿ ವರ್ಣಭೇದವನ್ನು ನಿಷೇಧಿಸುವ ನಿಯಮ ಮಾಡಿತು. 1951ರ ನಗರ ಸನ್ನದಿನಲ್ಲಿ ಮಾನವ ಸಂಬಂಧಗಳ ಆಯೋಗಕ್ಕೆ ಸ್ಥಾನ ಸಿಕ್ಕಿತು. ಹಬ್ಬವೂ ಹಕ್ಕೂ ಒಂದೇ ವರ್ಷ ಕಾನೂನಾದದ್ದು ಆಕಸ್ಮಿಕವಿರಬಹುದು. ಎರಡರ ಹಿಂದೆಯೂ ಇದ್ದದ್ದು ಯುದ್ಧಕಾಲದ ಅದೇ ಸಮುದಾಯದ ಸಂಘಟನೆ ಎಂಬುದು ಆಕಸ್ಮಿಕವಲ್ಲ. 1960ರಲ್ಲಿ ಪಾದ್ರಿ ಲಿಯೋನ್ ಸಲ್ಲಿವನ್ ಮುಂದಾಳತ್ವದಲ್ಲಿ ನಾನೂರು ಪಾದ್ರಿಗಳು ಭಾನುವಾರದ ಪೀಠಗಳಿಂದ, ಕಪ್ಪು ಜನರಿಗೆ ತಕ್ಕ ಕೆಲಸ ಕೊಡದ ಕಂಪನಿಗಳ ಸರಕನ್ನು ಕೊಳ್ಳಬೇಡಿರೆಂದು ಕರೆ ಕೊಟ್ಟಾಗ ಆ ಸಂಘಟನೆಯ ಶಕ್ತಿ ಮತ್ತೆ ಕಂಡಿತು. ಬೇಕರಿಯಿಂದ ಮೊದಲಾದ ಆ ಬಹಿಷ್ಕಾರಗಳು ಸಾವಿರಾರು ಉದ್ಯೋಗಗಳ ಬಾಗಿಲು ತೆರೆದವು.

ಆ ಚರ್ಚು ಪೀಠಗಳಿಗೂ ನಮಗೂ ನಿಜವಾದ ನಂಟಿದೆ. 1950ರ ಸುಮಾರಿಗೆ, ಭಾರತದಿಂದ ಮರಳಿದ್ದ ಹೊವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷ ಮೊರ್ಡಿಕೈ ಜಾನ್ಸನ್ ಫಿಲಡೆಲ್ಫಿಯಾದ ಫೆಲೋಶಿಪ್ ಹೌಸ್‌ನಲ್ಲಿ ಗಾಂಧೀಜಿಯವರ ಬಗ್ಗೆ ಮಾತಾಡಿದರು. ಹತ್ತಿರದ ಚೆಸ್ಟರ್ ಊರಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಆ ಸಭೆಯಲ್ಲಿದ್ದರು. ಅಲ್ಲಿಂದ ಹೊರಟು ಗಾಂಧಿ ಕುರಿತ ಹಲವು ಪುಸ್ತಕಗಳನ್ನು ಕೊಂಡೆನೆಂದು ಮುಂದೆ ಬರೆದರು. ನಂಟು ಎರಡೂ ದಿಕ್ಕಿನದು. ಜೋತಿರಾವ್ ಫುಲೆ 1873ರ ತಮ್ಮ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ. 1946ರಲ್ಲಿ ಡಾ. ಅಂಬೇಡ್ಕರ್ ಡ್ಯುಬಾಯ್ಸ್‌ರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದರು. ಅಸ್ಪೃಶ್ಯರೂ ಅದೇ ದಾರಿ ಹಿಡಿಯಲು ಯೋಚಿಸುತ್ತಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಕೊಟ್ಟ ಎಚ್ಚರಿಕೆ, ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಅಸಮಾನತೆ ಎಂಬ ವೈರುಧ್ಯದೊಳಗೆ ನಾವು ಕಾಲಿಡುತ್ತಿದ್ದೇವೆ ಎಂಬುದು, ಫಿಲಡೆಲ್ಫಿಯಾದ ಕಥೆಯನ್ನು ಬಲ್ಲವರಿಗೆ ಹೊಸದಾಗಿ ಕೇಳಿಸುತ್ತದೆ. ಜಾತಿಯೂ ವರ್ಣಭೇದವೂ ಒಂದೇ ಅಲ್ಲ; ಆದರೆ ಅವುಗಳಿಂದ ನೊಂದವರು ಒಬ್ಬರ ದಾಖಲೆಯನ್ನು ಇನ್ನೊಬ್ಬರು ಓದುತ್ತಿದ್ದರು.

ಅಧಿಕಾರ ಸಿಕ್ಕಿದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲವೆಂಬುದಕ್ಕೂ ಅದೇ ನಗರ ಸಾಕ್ಷಿ. 1985ರ ಮೇ 13ರಂದು ಮೂವ್ ಎಂಬ ಕಪ್ಪು ಸಂಘಟನೆಯ ಮನೆಯ ಮೇಲೆ ಪೊಲೀಸರು ಹೆಲಿಕಾಪ್ಟರಿನಿಂದ ಬಾಂಬು ಹಾಕಿದರು. ಹೊತ್ತಿದ ಬೆಂಕಿಯನ್ನು ಬೇಗ ಆರಿಸಲಿಲ್ಲ. ಐದು ಮಕ್ಕಳೂ ಸೇರಿ ಹನ್ನೊಂದು ಜನ ಸತ್ತರು, ಕಪ್ಪು ಕುಟುಂಬಗಳ ಬೀದಿಯಲ್ಲಿ 61 ಮನೆಗಳು ನಾಶವಾದವು. ಆಗ ಮೇಯರ್ ಆಗಿದ್ದವರು ವಿಲ್ಸನ್ ಗೂಡ್, ನಗರದ ಮೊದಲ ಕಪ್ಪು ಮೇಯರ್. ನಗರಸಭೆ ಕ್ಷಮೆ ಕೇಳಿದ್ದು 2020ರಲ್ಲಿ. ಕುರ್ಚಿಯಲ್ಲಿ ಕುಳಿತವರ ಬಣ್ಣ ಬದಲಾದರೂ, ಯಾವ ಬೀದಿಯಲ್ಲಿ ಎಷ್ಟು ಬಲ ಪ್ರಯೋಗಿಸಬಹುದೆಂಬ ಆಡಳಿತದ ಅಂದಾಜು ಬದಲಾಗಿರಲಿಲ್ಲ.

ಹಾಗಾದರೆ ರೈಟ್ ಮಾಡಿದ್ದು ವ್ಯರ್ಥವೇ? ನಾನು ಹಾಗೆ ತಿಳಿಯುವುದಿಲ್ಲ. ಅವರ ಹಬ್ಬ ಸಾರ್ವಜನಿಕ ರಜೆಯಾಗಲಿಲ್ಲ, ದೇಶದ ಬಹುಪಾಲು ಜನಕ್ಕೆ ಅದರ ಹೆಸರೂ ಗೊತ್ತಿಲ್ಲ. 2021ರಲ್ಲಿ ರಾಷ್ಟ್ರೀಯ ರಜೆಯಾದದ್ದು ಟೆಕ್ಸಸ್‌ನಲ್ಲಿ ಹುಟ್ಟಿದ ಬಿಡುಗಡೆಯ ಹಬ್ಬ ಜೂನ್‌ಟೀಂತ್. ಆದರೂ ಗುಲಾಮರಾಗಿ ಹುಟ್ಟಿದವರೊಬ್ಬರು ತಮ್ಮ ಜನರನ್ನು ಓಡಿಸಿದ ಚೌಕದ ಎದುರಿನ ಕಟ್ಟಡದೊಳಕ್ಕೆ ಸರ್ಕಾರಿ ಮರ್ಯಾದೆಯೊಡನೆ ಹೋಗಿ, ಈ ದಿನ ನಿಮ್ಮದೂ ಹೌದು ಎಂದು ದೇಶಕ್ಕೆ ಹೇಳಿದ್ದು ಸಣ್ಣ ಕೆಲಸವಲ್ಲ. ಕೊರತೆಯಿರುವುದು ಹಬ್ಬವನ್ನಷ್ಟೇ ಉಳಿಸಿಕೊಂಡು ಡ್ಯುಬಾಯ್ಸ್‌ರ ಕೋಷ್ಟಕಗಳನ್ನು ಮರೆಯುವವರಲ್ಲಿ.

ಇಲ್ಲಿ ನೆರೆದಿರುವ ಅಧ್ಯಾಪಕರಲ್ಲಿ, ಸಂಶೋಧನಾ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಕಲಬುರಗಿಯಾಗಲಿ, ನಿಮ್ಮ ಊರಿನ ಒಂದೇ ಒಂದು ವಾರ್ಡನ್ನು ಆರಿಸಿಕೊಳ್ಳಿ. ಮನೆಮನೆಗೆ ಹೋಗಿ, ಬಾಡಿಗೆ ಮನೆ ಯಾವ ಜಾತಿಯವರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಒಳಚರಂಡಿಗೆ ಯಾರು ಇಳಿಯುತ್ತಾರೆ, ಪದವಿ ಪಡೆದವರು ಯಾವ ಕೆಲಸದಲ್ಲಿದ್ದಾರೆ ಎಂಬುದನ್ನು ಸಿಟ್ಟಿಲ್ಲದೆ, ಸಂಕೋಚವಿಲ್ಲದೆ ಬರೆದಿಡಿ. ಅಂಥ ಪುಸ್ತಕದ ಮುದ್ರಣಕ್ಕೆ ಇಂಥ ದತ್ತಿಗಳ ಹಣ ವಿನಿಯೋಗವಾಗಲಿ. ಅದು ಬಿಡುಗಡೆಯಾಗುವುದು ಆಗಸ್ಟ್ 15ರಂದೇ ಆಗಲಿ.